ಜೀವಂತ ಕಂಠಕ್ಕೆ ಬದಲಿಯುಂಟೇ?

2026ರ ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕೆ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆರಿಸಿಕೊಂಡ ವಿಷಯ, ಮಾನವರ ಧ್ವನಿಗಳನ್ನೂ ಮುಖಗಳನ್ನೂ ಕಾಪಾಡುವುದು. ಈ ಆಯ್ಕೆ ಸಕಾಲಿಕವಾದುದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಂದು ಯಾರ ಕಂಠವನ್ನಾದರೂ ಅನುಕರಿಸಬಲ್ಲವು. 2024ರಲ್ಲಿ ತೆರೆಕಂಡ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಒಂದು ಹಾಡಿಗೆ, ಗತಿಸಿದ ಇಬ್ಬರು ಗಾಯಕರ ಕಂಠವನ್ನು ಅವರ ಕುಟುಂಬಗಳ ಒಪ್ಪಿಗೆ ಪಡೆದು ಯಂತ್ರದಿಂದ ಮರುಸೃಷ್ಟಿಸಲಾಯಿತು. ಒಪ್ಪಿಗೆಯ ಗೊಡವೆಯೇ ಇಲ್ಲದ ವಂಚಕರು ಮಗನ ಧ್ವನಿಯಲ್ಲಿ ತಾಯಿಗೆ ಕರೆಮಾಡಿ ಹಣ ಕೇಳುವುದೂ ಸಾಧ್ಯವಾಗಿದೆ. ಹಾಗಾದರೆ ಧ್ವನಿಯೆಂದರೆ ನಕಲು ಮಾಡಬಹುದಾದ ಒಂದು ವಸ್ತು ಮಾತ್ರವೇ? ಈ ಪ್ರಶ್ನೆಯನ್ನು ವಿವೇಚಿಸಲು ಯಂತ್ರವನ್ನೂ ಬಲಿಪೀಠವನ್ನೂ ಬಲ್ಲ ಒಬ್ಬ ಗಾಯಕರ ಬಾಳು ನಮಗೆ ನೆರವಾಗುತ್ತದೆ.

ಜಾನ್ ಮೆಕ್‌ಕಾರ್ಮಕ್ 1884ರಲ್ಲಿ ಐರ್ಲೆಂಡಿನ ಅಥ್ಲೋನ್ ಪಟ್ಟಣದಲ್ಲಿ, ಉಣ್ಣೆ ಗಿರಣಿಯ ಕಾರ್ಮಿಕ ಕುಟುಂಬದಲ್ಲಿ ಜನಿಸಿದರು. ಅವರ ಸಂಗೀತ ಪಾಠಶಾಲೆ ಡಬ್ಲಿನ್ ನಗರದ ಪ್ರಧಾನ ದೇವಾಲಯದ ಗಾನವೃಂದ. 1903ರಲ್ಲಿ ಡಬ್ಲಿನ್ನಿನ ಸಂಗೀತ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದರು. ಬಳಿಕ ಇಟಲಿಯ ಮಿಲಾನಿನಲ್ಲಿ ಅಭ್ಯಾಸ ಮಾಡಿ, 1906ರಲ್ಲಿ ಸವೋನಾದಲ್ಲಿ ಮೊದಲ ಬಾರಿಗೆ ಒಪೆರಾ ರಂಗವನ್ನೇರಿದರು. ಪುರುಷ ಕಂಠಗಳಲ್ಲಿ ಎತ್ತರದ ಶ್ರೇಣಿಗೆ ಸೇರಿದ, ‘ಟೆನರ್’ ಎನಿಸಿಕೊಳ್ಳುವ ಆ ಕಂಠವು ಮರುವರ್ಷವೇ ಲಂಡನ್ನಿನ ಕವೆಂಟ್ ಗಾರ್ಡನ್ನಿನಲ್ಲಿ, 1909ರಲ್ಲಿ ನ್ಯೂಯಾರ್ಕಿನಲ್ಲಿ ಕೇಳಿಬಂತು.

ಆದರೆ ಕೀರ್ತಿಯ ನಡುವೆಯೇ ಅವರು ಒಪೆರಾದಿಂದ ಮೆಲ್ಲಗೆ ದೂರ ಸರಿದರು. ತಮಗೆ ನಟನೆ ಒಲಿದಿಲ್ಲವೆಂದು ಅವರೇ ಒಪ್ಪಿಕೊಂಡಿದ್ದರು. 1923ರಲ್ಲಿ ಮೊಂಟೆ ಕಾರ್ಲೋದಲ್ಲಿ ಹಾಡಿದ ಬಳಿಕ ಆ ರಂಗಕ್ಕೆ ಹಿಂದಿರುಗಲಿಲ್ಲ. ಅವರು ಆರಿಸಿಕೊಂಡದ್ದು ಏಕವ್ಯಕ್ತಿ ಗಾಯನ ಕಚೇರಿ. ಅಲ್ಲಿ ವೇಷವಿಲ್ಲ, ಪರದೆಯಿಲ್ಲ, ವಾದ್ಯವೃಂದದ ಅಬ್ಬರವಿಲ್ಲ. ಒಂದು ಪಿಯಾನೋ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ. ಹ್ಯಾಂಡಲ್ ಮೊದಲಾದ ಹಳೆಯ ಮಹನೀಯರ ಕೃತಿಗಳು, ಹ್ಯೂಗೋ ವುಲ್ಫ್ ಮುಂತಾದವರ ಜರ್ಮನ್ ಕಲಾಗೀತೆಗಳು, ಕೊನೆಗೆ ತಾಯ್ನಾಡಿನ ಜನಪದ ಗೀತೆಗಳು ಆ ಕಚೇರಿಗಳಲ್ಲಿ ಜೊತೆಗೂಡುತ್ತಿದ್ದವು. ಕಲಾಗೀತೆಯೆಂದರೆ ಕವಿತೆಗೆ ಸ್ವರ ಸಂಯೋಜಿಸಿದ ಪ್ರಕಾರ. ನಮ್ಮ ಭಾವಗೀತೆಗೆ ಹತ್ತಿರವಾದುದು. ಅದರಲ್ಲಿ ಗಾಯಕ ಇನ್ನೊಬ್ಬರ ಪಾತ್ರದ ಮರೆಯಲ್ಲಿ ನಿಲ್ಲುವಂತಿಲ್ಲ. ತನ್ನದೇ ಮುಖ, ತನ್ನದೇ ಕಂಠದಿಂದ ಕೇಳುಗರನ್ನು ಎದುರುಗೊಳ್ಳಬೇಕು.

ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಆರನೆಯ ಶತಮಾನದ ಬೊಯೆತಿಯುಸ್ ನೆನಪಾಗದಿರನು. ‘ಪರ್ಸೋನಾ’ ಎಂಬ ಲತೀನ್ ಪದಕ್ಕೆ ಮೊದಲು ನಟನ ಮುಖವಾಡ ಎಂಬ ಅರ್ಥವಿತ್ತು. ಮುಖವಾಡದ ಟೊಳ್ಳಿನ ಮೂಲಕ ಧ್ವನಿ ಮೊಳಗುವುದರಿಂದ ಆ ಹೆಸರು ಬಂತೆಂದು ಅವನು ವಿವರಿಸಿದನು. ಅದೇ ಪದಕ್ಕೆ ವಿವೇಕವುಳ್ಳ, ಮತ್ತೊಂದಕ್ಕೆ ಕರಗಿಹೋಗದ ವ್ಯಕ್ತಿ ಎಂಬ ಅರ್ಥವನ್ನು ಸ್ಥಿರಗೊಳಿಸಿದನು. ಯಂತ್ರವು ಅನುಕರಿಸುವುದು ಮೊಳಗನ್ನು ಮಾತ್ರ. ಮೊಳಗಿನ ಹಿಂದೆ ನಿಂತು, ‘ಇದು ನನ್ನ ಮಾತು, ಇದಕ್ಕೆ ನಾನು ಹೊಣೆ’ ಎನ್ನುವ ವ್ಯಕ್ತಿಯನ್ನು ಅದು ತರಲಾರದು.

ಹಾಗೆಂದು ಯಂತ್ರವನ್ನೇ ತಿರಸ್ಕರಿಸಬೇಕೆ? ಮೆಕ್‌ಕಾರ್ಮಕ್ ಅವರ ಬಾಳು ಹಾಗೆ ಹೇಳುವುದಿಲ್ಲ. ತಾಯ್ನಾಡನ್ನು ತೊರೆದು ಅಮೆರಿಕ ಸೇರಿದ ಐರಿಷ್ ಕುಟುಂಬಗಳಿಗೆ ಅವರ ಕಂಠವನ್ನು ತಲುಪಿಸಿದ್ದು ಗ್ರಾಮಫೋನು. 1932ರ ಜೂನ್ 26ರಂದು ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನದ ಮಹಾಬಲಿಪೂಜೆ ನಡೆಯಿತು. 1964ರಲ್ಲಿ ಮುಂಬಯಿಯಲ್ಲಿ ನಡೆದುದು ಇದೇ ಸಮ್ಮೇಳನಮಾಲೆಯಲ್ಲಿ. ಅಂದು ಮೆಕ್‌ಕಾರ್ಮಕ್ ಅವರು ಸಂತ ತೋಮಾಸ್ ಅಕ್ವಿನಾಸರ ಪದಗಳಿಗೆ ಸೇಸಾರ್ ಫ್ರಾಂಕ್ ರಾಗ ಕೊಟ್ಟ ‘ಪಾನಿಸ್ ಆಂಜೆಲಿಕುಸ್’ ಹಾಡಿದರು. ನೆರೆದಿದ್ದವರು ಸುಮಾರು ಹತ್ತು ಲಕ್ಷ. ಧ್ವನಿವರ್ಧಕಗಳಿಲ್ಲದಿದ್ದರೆ ಆ ಸ್ತುತಿ ಅಷ್ಟು ಜನರನ್ನು ಮುಟ್ಟುತ್ತಿರಲಿಲ್ಲ. ಆದರೆ ಹಾಡಿದವರು ಒಬ್ಬ ವಿಶ್ವಾಸಿ. ಧ್ವನಿವರ್ಧಕ ಅದನ್ನು ಹೊತ್ತೊಯ್ದಿತು, ಅಷ್ಟೆ.

ಹೊತ್ತೊಯ್ಯುವುದು ಬೇರೆ, ಬದಲಿಯಾಗುವುದು ಬೇರೆ. ಧರ್ಮಸಭೆ ಈ ಅಂತರವನ್ನು ಬಹಳ ಹಿಂದೆಯೇ ಗುರುತಿಸಿದೆ. ಹನ್ನೆರಡನೆಯ ಭಕ್ತಿನಾಥರ ಕಾಲದಲ್ಲಿ, 1958ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಹೊರಟ ಸಂಗೀತ ನಿರ್ದೇಶಿಕೆಯು, ಜೀವಂತ ಧ್ವನಿಯನ್ನು ಎತ್ತರಿಸಲು ಧ್ವನಿವರ್ಧಕಕ್ಕೆ ಅವಕಾಶವಿತ್ತಿತು. ಗಾನವೃಂದದ ಅಥವಾ ಭಕ್ತಾದಿಗಳ ಹಾಡಿನ ಬದಲು ಗ್ರಾಮಫೋನನ್ನೋ ಧ್ವನಿಮುದ್ರಣವನ್ನೋ ಪೂಜಾವಿಧಿಯಲ್ಲಿ ಬಳಸುವುದನ್ನು ನಿಷೇಧಿಸಿತು. ಧ್ವನಿಮುದ್ರಣ ಕೆಟ್ಟದ್ದೆಂದಲ್ಲ, ಆರಾಧನೆಯನ್ನು ನಮ್ಮ ಪರವಾಗಿ ಇನ್ನೊಂದು ವಸ್ತು ಮಾಡಲಾರದೆಂದು. ಪ್ರೀತಿಯನ್ನು ಗುತ್ತಿಗೆಗೆ ಕೊಡಲಾಗದಂತೆಯೇ ಸ್ತುತಿಯನ್ನೂ ಕೊಡಲಾಗದು.

ಈ ಮಾತು ನಮ್ಮ ಮನೆಗಳಿಗೂ ಧರ್ಮಕೇಂದ್ರಗಳಿಗೂ ಅನ್ವಯಿಸುತ್ತದೆ. ಅಭ್ಯಾಸಕ್ಕೆ ಬಿಡುವಿಲ್ಲವೆಂದು ಗಾನವೃಂದಗಳು ಕ್ಷೀಣಿಸಿದಾಗ, ಸಿದ್ಧಪಡಿಸಿದ ಸಂಗೀತವನ್ನು ಗುಂಡಿಯೊತ್ತಿ ನುಡಿಸುವುದು ಸುಲಭವಾಗಿ ತೋರುತ್ತದೆ. ಅದು ನಿರ್ದೋಷವಾಗಿರುತ್ತದೆ, ನಿಜ. ಆದರೆ ಅದರಲ್ಲಿ ಯಾರೂ ಇರುವುದಿಲ್ಲ. ಶ್ರುತಿ ತಪ್ಪಿದರೂ ಅಜ್ಜಿಯೊಬ್ಬರು ಹಾಡುವ ಮರಿಯಮ್ಮನವರ ಗೀತೆಯಲ್ಲಿ ಒಂದು ಬದುಕಿರುತ್ತದೆ. ಮಕ್ಕಳು ಪ್ರಾರ್ಥನೆಯನ್ನು ಕಲಿಯಬೇಕಾದುದು ಆ ಕಂಠದಿಂದ. ತಂದೆತಾಯಿಯ ಧ್ವನಿಯನ್ನು ನಿತ್ಯವೂ ಜಪದಲ್ಲಿ, ಹಾಡಿನಲ್ಲಿ, ಸಂಭಾಷಣೆಯಲ್ಲಿ ಕೇಳಿ ಬೆಳೆದ ಮಗು, ಧ್ವನಿಯನ್ನಷ್ಟೇ ಅಲ್ಲ, ಅದರ ಹಿಂದಿನ ಮನಸ್ಸನ್ನೂ ಬಲ್ಲದು. ನಕಲು ಕಂಠದ ವಿರುದ್ಧ ಕುಟುಂಬಕ್ಕಿರುವ ಮೊದಲ ರಕ್ಷಣೆ ಈ ಪರಿಚಯವೇ.

1928ರಲ್ಲಿ ಹನ್ನೊಂದನೆಯ ಭಕ್ತಿನಾಥರು ಮೆಕ್‌ಕಾರ್ಮಕ್ ಅವರಿಗೆ ‘ಕೌಂಟ್’ ಪದವಿಯಿತ್ತು ಗೌರವಿಸಿದ್ದರು. 1938ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರು ಬೀಳ್ಕೊಡುಗೆಯ ಕಚೇರಿ ನೀಡಿದರು. ಮರುವರ್ಷ ಮಹಾಯುದ್ಧ ಮೊದಲಾದಾಗ, ವಿಶ್ರಾಂತಿಯನ್ನು ಬಿಟ್ಟು ರೆಡ್ ಕ್ರಾಸ್ ಸಂಸ್ಥೆಗಾಗಿ ಮತ್ತೆ ಹಾಡಿದರು. ಶ್ವಾಸಕೋಶದ ಕಾಯಿಲೆ ಉಸಿರನ್ನು ಕಿರಿದಾಗಿಸಿತು. 1945ರ ಸೆಪ್ಟೆಂಬರಿನಲ್ಲಿ ಅವರು ನಿಧನರಾದರು.

ಯಂತ್ರದ ಕಂಠ ದಣಿಯುವುದಿಲ್ಲ. ಆದುದರಿಂದಲೇ ಅದು ಏನನ್ನೂ ಅರ್ಪಿಸಲಾರದು. ಮುಗಿದುಹೋಗುವ ಉಸಿರಿನಲ್ಲಿ ಒಂದಿಷ್ಟನ್ನು ದೇವರಿಗೂ ನೆರೆಯವರಿಗೂ ಮೀಸಲಿಡುವುದು ಮನುಷ್ಯನಿಗೆ ಮಾತ್ರ ಸಾಧ್ಯ. ಬರುವ ಭಾನುವಾರ ಪ್ರವೇಶಗೀತೆ ಆರಂಭವಾದಾಗ ಪುಸ್ತಕವನ್ನು ತೆರೆಯೋಣ, ಬಾಯಿಯನ್ನೂ ತೆರೆಯೋಣ.