ಸಣ್ಣ ಪಣದ ಪೋಕರ್‌ನಲ್ಲಿ ಹೊಟ್ಟೆಪಾಡು

ಸಣ್ಣ ಪಣದ ಮೇಜಿನಲ್ಲಿ ಎದುರುಬದುರು ಕುಳಿತು ಪೋಕರ್ ಆಡಿ ಸಂಸಾರ ನಡೆಸಬಹುದು ಎಂಬ ಮಾತನ್ನು ನಂಬುವವರು ಸಾಮಾನ್ಯವಾಗಿ ದಡ್ಡರಲ್ಲ. ಲೆಕ್ಕದಲ್ಲಿ ಚುರುಕಿರುವ, ಕಾಲೇಜು ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗರನ್ನೇ ಈ ಯೋಚನೆ ಹೆಚ್ಚು ಸೆಳೆಯುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಅಂಥ ಹುಡುಗರಿಗೆ ಕೊರತೆಯಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಬೆನ್ನಿಗೇ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಆ ಕಾಯ್ದೆ ಮುಟ್ಟದೆ ಬಿಟ್ಟದ್ದು ಮೇಜಿನ ಸುತ್ತ ಕುಳಿತು ಆಡುವ ಆಟವನ್ನು. ಹಾಗಾಗಿ ಅದರ ಲೆಕ್ಕವನ್ನು ಈ ಭಾಗದ ಪೊಳಲಿಯಂಥ ಊರಿನ ಬದುಕಿನ ಪಕ್ಕದಲ್ಲಿಟ್ಟು ನೋಡುವುದು ಈಗ ಅಗತ್ಯ.

ತುಳುನಾಡಿಗೆ ಆಟವೂ ಹೊಸದಲ್ಲ, ಪಣವೂ ಹೊಸದಲ್ಲ. ಪೊಳಲಿ ರಾಜರಾಜೇಶ್ವರಿಯ ತಿಂಗಳುದ್ದದ ಜಾತ್ರೆಯಲ್ಲಿ ಚೆಂಡಿನ ಗದ್ದೆಗೆ ಊರಿಗೆ ಊರೇ ಇಳಿಯುತ್ತದೆ, ಅಲ್ಲಿ ಪಣವಿಲ್ಲ. ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಆಡುವ ಚೆನ್ನೆಮಣೆಯಲ್ಲಿ ಕಾಯಿಗಳೆಲ್ಲ ಇಬ್ಬರ ಕಣ್ಣೆದುರಿಗೇ ಇರುತ್ತವೆ, ಅದೃಷ್ಟಕ್ಕೆ ಜಾಗವೇ ಇಲ್ಲ. (ಬರೀ ಬುದ್ಧಿಯ ಆಟವೆಂದ ಮಾತ್ರಕ್ಕೆ ಸೋಲು ಹಗುರವಾಗುವುದಿಲ್ಲ. ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರ ಜಗಳ ಸಾವಿನವರೆಗೆ ಹೋದದ್ದು ಚೆನ್ನೆಮಣೆಯ ಮುಂದೆಯೇ.) ಚೆನ್ನೆಮಣೆಗೆ ನೇರ ವಿರುದ್ಧವಾದದ್ದು ಉಲಾಯಿ-ಪಿದಾಯಿ, ಎಂದರೆ ಅಂದರ್ ಬಾಹರ್. ಮೊದಲು ಎಲೆ ಬೀಳುವ ಬದಿಗೆ ನೂರರಲ್ಲಿ 51.5ರಷ್ಟು ಗೆಲುವಿನ ಸಾಧ್ಯತೆ ಎಂಬುದೊಂದನ್ನು ಬಿಟ್ಟರೆ ಆಡುವವನು ಕಲಿಯಬೇಕಾದದ್ದು ಅದರಲ್ಲಿ ಏನೂ ಇಲ್ಲ. ರಮ್ಮಿ ಮತ್ತು ಪೋಕರ್ ಈ ಎರಡರ ನಡುವಿನವು. ಎಲೆ ಬೀಳುವುದು ಅದೃಷ್ಟ, ಬಿದ್ದ ಎಲೆಯನ್ನು ಏನು ಮಾಡಬೇಕೆಂಬುದು ಬುದ್ಧಿ.

ಈಗ ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ ಸಿಗುತ್ತವೆ. ಎಲ್ಲರಿಗೂ ಸೇರಿದ ಐದು ಎಲೆಗಳು ಮೇಜಿನ ನಡುವೆ ತೆರೆದುಕೊಳ್ಳುತ್ತವೆ. ಇವುಗಳಲ್ಲಿ ಉತ್ತಮ ಐದನ್ನು ಜೋಡಿಸಿಕೊಂಡವನು ಗೆದ್ದ, ಅಥವಾ ಉಳಿದವರೆಲ್ಲ ಎಲೆ ಕೆಳಗಿಡುವಂತೆ ಮಾಡಿದವನು ಗೆದ್ದ. ನಾಲ್ಕು ಸುತ್ತು ಪಣ ಏರುತ್ತದೆ. ಪ್ರತಿ ಆಟದ ಆರಂಭದಲ್ಲಿ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತಕ್ಕೆ ಬ್ಲೈಂಡ್ ಎಂದು ಹೆಸರು. ಮೇಜಿನ ದರ್ಜೆ ನಿರ್ಧಾರವಾಗುವುದು ಅದರಿಂದ. 50-100 ರೂಪಾಯಿ ಬ್ಲೈಂಡ್ ಇರುವ ಮೇಜನ್ನು ಸಣ್ಣ ಪಣದ್ದೆಂದು ಇಟ್ಟುಕೊಳ್ಳೋಣ. ಅಂಥಲ್ಲಿ ಆಡಲು ಒಬ್ಬ ಹತ್ತು ಸಾವಿರ ರೂಪಾಯಿ ಮುಂದಿಟ್ಟು ಕೂರುವುದು ರೂಢಿ.

ಆಟದ ಬುದ್ಧಿವಂತಿಕೆಯ ದೊಡ್ಡ ಪಾಲು ಬಿಟ್ಟುಕೊಡುವುದರಲ್ಲಿದೆ. ಒಂಬತ್ತು ಜನರ ಮೇಜಿನಲ್ಲಿ ಒಳ್ಳೆಯ ಆಟಗಾರ ಹತ್ತರಲ್ಲಿ ಏಳೆಂಟು ಸಲ ಎಲೆ ನೋಡಿ ಕೆಳಗಿಟ್ಟು ಸುಮ್ಮನಾಗುತ್ತಾನೆ. ಮೇಜಿನಲ್ಲಿ ಗಂಟೆಗೆ ಮೂವತ್ತು ಆಟ ನಡೆದರೆ ಹೆಚ್ಚು. ಕೈಗೆ ಎರಡು ಎಕ್ಕ ಬರುವುದು 221 ಸಲಕ್ಕೊಮ್ಮೆ, ಎಂದರೆ ಏಳು ಗಂಟೆ ಕೂತರೆ ಒಮ್ಮೆ. ಆ ಎರಡು ಎಕ್ಕ ಹಿಡಿದು ಇದ್ದದ್ದನ್ನೆಲ್ಲ ಕಟ್ಟಿದರೂ, ಎದುರಿನವನ ಕೈಯಲ್ಲಿ ಎರಡು ರಾಜ ಇದ್ದರೆ ನೂರರಲ್ಲಿ ಸುಮಾರು 18 ಸಲ ಸೋಲು ಬರುತ್ತದೆ. ಸರಿಯಾಗಿ ಆಡಿ ಸೋಲುವುದು ಇಲ್ಲಿ ಅಪವಾದವಲ್ಲ, ದಿನದ ಮಾತು.

ಮೇಜಿನಿಂದ ಮೊದಲು ಹೊರಬೀಳುವ ಹಣ ಮಾಲೀಕನದು. ಪ್ರತಿ ಆಟದಲ್ಲಿ ಸೇರಿದ ಮೊತ್ತದಿಂದ ಆತ ತೆಗೆದುಕೊಳ್ಳುವ ಪಾಲಿಗೆ ರೇಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಶೇ. 5ರ ಆಸುಪಾಸು, ಒಂದು ಗರಿಷ್ಠ ಮಿತಿಯೊಳಗೆ. ಮೇಲೆ ಹೇಳಿದ ಮೇಜಿನಲ್ಲಿ ಆಟಕ್ಕೆ ಸರಾಸರಿ 60 ರೂಪಾಯಿ ಹೋಗುತ್ತದೆಂದು ಹಿಡಿದರೂ ಗಂಟೆಗೆ 1,800 ರೂಪಾಯಿ ಆಯಿತು. ಒಂಬತ್ತು ಜನ ತಲಾ ಹತ್ತು ಸಾವಿರ ತಂದಿದ್ದರೆ ಮೇಜಿನ ಮೇಲಿರುವುದು 90,000. ಹೊಸ ಹಣ ಬಾರದೆ ಆಟ ಸಾಗಿದರೆ ಐವತ್ತು ಗಂಟೆಯಲ್ಲಿ ಅಷ್ಟೂ ಮಾಲೀಕನ ಪೆಟ್ಟಿಗೆ ಸೇರಿರುತ್ತದೆ. ಒಂಬತ್ತು ಜನರಲ್ಲಿ ಯಾರು ಜಾಣ, ಯಾರು ಪೆದ್ದ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಪಣ ಸಣ್ಣದಾದಷ್ಟೂ ರೇಕ್‌ನ ಭಾರ ಹೆಚ್ಚು, ಏಕೆಂದರೆ ದೊಡ್ಡ ಪಣದಲ್ಲಿ ಗರಿಷ್ಠ ಮಿತಿ ಬೇಗ ಮುಟ್ಟುತ್ತದೆ, ಸಣ್ಣದರಲ್ಲಿ ಪೂರ್ತಿ ಶೇಕಡಾವಾರು ಕತ್ತರಿಸಿ ಹೋಗುತ್ತದೆ.

ಪೊಳಲಿ ಜಾತ್ರೆಯಲ್ಲಿ ಕಲ್ಲಂಗಡಿ ರಾಶಿ ಹಾಕಿ ಕೂರುವವನಿಗೂ ನಷ್ಟದ ಭಯವಿದೆ. ಮಳೆ ಬಂದರೆ, ಹಣ್ಣು ಒಡೆದರೆ ಕೈಯಿಂದ ಹೋಗುತ್ತದೆ. ಆದರೆ ಮಾರಾಟವಾದ ಪ್ರತಿ ಹಣ್ಣಿನಲ್ಲೂ ಅವನ ಲಾಭ ಮೊದಲೇ ಸೇರಿರುತ್ತದೆ, ಕೊಂಡವನೂ ಹಣ್ಣು ಹೊತ್ತು ಸಂತೋಷದಿಂದಲೇ ಮನೆಗೆ ಹೋಗುತ್ತಾನೆ. ಪೋಕರ್ ಮೇಜಿನಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಂದ ಹೋದದ್ದು, ಅದರಲ್ಲೂ ರೇಕ್ ಕಳೆದು ಉಳಿದದ್ದು.

ಇಷ್ಟಾದರೂ ಗೆಲ್ಲುವವರು ಇದ್ದಾರೆ ಎಂಬುದನ್ನು ಒಪ್ಪಲೇಬೇಕು. ಒಬ್ಬ ನಿಜಕ್ಕೂ ಚೆನ್ನಾಗಿ ಆಡುತ್ತಾನೆ, ರೇಕ್ ಕಳೆದು ಗಂಟೆಗೆ ಸರಾಸರಿ ಎರಡು ದೊಡ್ಡ ಬ್ಲೈಂಡ್, ಎಂದರೆ 200 ರೂಪಾಯಿ ಗಳಿಸುತ್ತಾನೆ ಎಂದುಕೊಳ್ಳೋಣ. ತಿಂಗಳಿಗೆ 160 ಗಂಟೆ ಕೂತರೆ 32,000 ರೂಪಾಯಿ. ಕೇಳಲು ಪರವಾಗಿಲ್ಲ ಅನ್ನಿಸುವ ಮೊತ್ತ. ಆದರೆ ಇದು ಸರಾಸರಿ ಮಾತ್ರ. ಗಂಟೆಯ ಏರಿಳಿತವೇ ಸುಮಾರು ಐವತ್ತು ಬ್ಲೈಂಡ್‌ನಷ್ಟಿರುವ ಈ ಆಟದಲ್ಲಿ ತಿಂಗಳ ಏರಿಳಿತ 63,000 ರೂಪಾಯಿಯ ಹತ್ತಿರ ಬರುತ್ತದೆ, ಎಂದರೆ ನಿರೀಕ್ಷಿತ ಗಳಿಕೆಯ ಇಮ್ಮಡಿ. ಹತ್ತು ತಿಂಗಳಲ್ಲಿ ಮೂರು ತಿಂಗಳು ಈ ಒಳ್ಳೆಯ ಆಟಗಾರನೇ ಕೈಯಿಂದ ಕಳೆದುಕೊಂಡು ಏಳುತ್ತಾನೆ.

ಇಲ್ಲಿಯೇ ಹುಡುಗರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇರುವುದು. ಇಂಥ ಏರಿಳಿತವನ್ನು ತಡೆದುಕೊಳ್ಳುವುದು ಬಂಡವಾಳ. ಎರಡು ಲಕ್ಷ ರೂಪಾಯಿ ಬೇರೆಯಾಗಿ ತೆಗೆದಿಟ್ಟು, ಗೆದ್ದದ್ದನ್ನೂ ಅದಕ್ಕೇ ಸೇರಿಸುತ್ತ ಹೋದರೆ, ಈ ಆಟಗಾರ ಯಾವತ್ತಾದರೂ ಪೂರ್ತಿ ಬರಿಗೈಯಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು. ಬಂಡವಾಳ ಐವತ್ತು ಸಾವಿರವಾದರೆ ಅದು ನೂರಕ್ಕೆ 45. ಈ ಎರಡು ಲೆಕ್ಕಗಳೂ ಗೆದ್ದ ಹಣವನ್ನು ಮುಟ್ಟದವನಿಗೆ ಮಾತ್ರ ಅನ್ವಯ. ಜೀವನೋಪಾಯವೆಂದರೆ ಗೆದ್ದದ್ದನ್ನು ಮನೆಗೆ ತರಬೇಕು. ಅಕ್ಕಿ, ಮಕ್ಕಳ ಫೀಸು, ಅಮ್ಮನ ಔಷಧಿ ಅದರಿಂದಲೇ ಬರಬೇಕು. ಗಳಿಕೆಯ ಸರಾಸರಿಯನ್ನು ಪೂರ್ತಿಯಾಗಿ ಹೀಗೆ ತೆಗೆದ ಮೇಲೆ ಬಂಡವಾಳ ಬೆಳೆಯುವ ದಾರಿ ಮುಚ್ಚುತ್ತದೆ, ಏರಿಳಿತ ಮಾತ್ರ ಹಾಗೆಯೇ ಇರುತ್ತದೆ. ಆಗ ಬಂಡವಾಳ ಎಷ್ಟೇ ಇದ್ದರೂ ಎಂದಾದರೊಂದು ದಿನ ಅದು ಕರಗಿಯೇ ಕರಗುತ್ತದೆ. ಗಣಿತದಲ್ಲಿ ಇದಕ್ಕೆ ಸಂದೇಹವಿಲ್ಲ. ಗೆಲ್ಲುವ ಆಟಗಾರನನ್ನೂ ಸಂಸಾರದ ಖರ್ಚು ಸೋಲಿಸುತ್ತದೆ.

ಈ ಭಾಗದ ಮನೆಗಳ ಖರ್ಚು ನಡೆಯುವ ಕ್ರಮವನ್ನು ನೋಡಿದರೆ ಇದರ ಗಂಭೀರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ, ವಾರಕ್ಕೊಮ್ಮೆ ಕಂತು ಕಟ್ಟಿಸಿಕೊಳ್ಳುತ್ತವೆ. ವಾರದ ಕಂತು ಎಂಬುದು ಪ್ರತಿ ವಾರ ಅಷ್ಟಿಷ್ಟು ಖಚಿತವಾಗಿ ಬರುವ ದುಡಿಮೆಗೆ ಹೊಂದುವ ಏರ್ಪಾಡು. ಬೀಡಿ ಕಟ್ಟುವ ಹೆಂಗಸಿನ ಮಜೂರಿ ಸಣ್ಣದು, ಆದರೆ ಸಾವಿರ ಬೀಡಿಗೆ ಇಷ್ಟು ಎಂಬುದು ಗೊತ್ತು, ಪಿಎಫ್ ಖಾತೆಯೂ ಇದೆ. ಪೋಕರ್ ಆಡುವವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬ್ಯಾಂಕಿಗೆ ತೋರಿಸಲು ಸಂಬಳದ ಚೀಟಿ ಇಲ್ಲ. ಸೋತ ಮೂರು ವಾರಗಳ ಕಂತನ್ನು ಕೊನೆಗೆ ಕಟ್ಟುವುದು ಅಮ್ಮನೋ ಅಕ್ಕನೋ.

ಕಾನೂನಿನ ವಿಷಯದಲ್ಲಿ ಅರ್ಧ ತಿಳಿವಳಿಕೆ ಹೆಚ್ಚು ಹರಡಿದೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ ಹೇಳಿದ್ದು ನಿಜ. ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಪ್ರಕರಣದಲ್ಲಿ ಹೇಳಿದ್ದೂ ನಿಜ. ಆದರೆ ಗುಜರಾತ್ ಹೈಕೋರ್ಟಿನ ಏಕಸದಸ್ಯ ಪೀಠ 2017ರಲ್ಲಿ ಪೋಕರ್ ಜೂಜೇ ಎಂದಿತು. ಅದಕ್ಕಿಂತ ಮುಖ್ಯವಾದ ಮಾತು ಸತ್ಯನಾರಾಯಣ ತೀರ್ಪಿನೊಳಗೇ ಇದೆ: ಪಣದ ಆಟದಿಂದ ಕ್ಲಬ್ಬಿನ ಅಥವಾ ಮನೆಯ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು. ರೇಕ್ ಎಂದರೆ ಆ ಲಾಭವೇ ತಾನೇ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಕಲಂ ಜೂಜಿನ ಅಡ್ಡೆ ನಡೆಸುವವನ ಮೇಲೆ, 80ನೇ ಕಲಂ ಅಲ್ಲಿ ಆಡುವವನ ಮೇಲೆ. ಊರ ಬದಿಯ ತೋಟದ ಮನೆಯಲ್ಲಿ ಕಮಿಷನ್ ಇಟ್ಟು ನಡೆಸುವ ಮೇಜಿನಲ್ಲಿ ಕೂತವನು, ಪೊಲೀಸರು ಬಂದಾಗ ಹೈಕೋರ್ಟ್ ತೀರ್ಪಿನ ಹೆಸರು ಹೇಳಿ ಎದ್ದು ಬರಲಾಗುವುದಿಲ್ಲ. ಮೇಜಿನ ಮೇಲಿನ ಹಣ ಜಪ್ತಾಗುತ್ತದೆ. ಆಮೇಲೆ ನ್ಯಾಯಾಲಯದಲ್ಲಿ ಗೆದ್ದರೂ ಗಲ್ಫ್ ಕೆಲಸಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕಾದ ಹುಡುಗನಿಗೆ ಅಷ್ಟರಲ್ಲಿ ಆಗಬೇಕಾದ ನಷ್ಟ ಆಗಿರುತ್ತದೆ.

ನಿರ್ಭಯವಾಗಿ ಆಡಬಹುದಾದ ಹತ್ತಿರದ ಜಾಗ ಗೋವಾ. ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳು ಅಲ್ಲಿನ ಕಾನೂನಿನ ಪರವಾನಗಿಯಲ್ಲೇ ನಡೆಯುತ್ತವೆ. ಮಂಗಳೂರಿನಿಂದ ಮಡಗಾಂವ್‌ಗೆ ರೈಲಿನಲ್ಲಿ ಐದಾರು ಗಂಟೆ. ರೈಲಿನ ಖರ್ಚು, ರೂಮು, ಊಟ ಸೇರಿದರೆ ಗಂಟೆಗೆ 200 ರೂಪಾಯಿಯ ಗಳಿಕೆ ಅಲ್ಲಿಗೇ ಮುಗಿಯಿತು. ಕ್ಯಾಸಿನೊಗಳ ಮೇಲಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 40ಕ್ಕೆ ಏರಿದೆ.

ಎಲ್ಲಕ್ಕಿಂತ ದೊಡ್ಡ ಹೊಡೆತ ಆದಾಯ ತೆರಿಗೆಯದು, ಅದನ್ನು ಈ ದಾರಿ ಹಿಡಿಯುವವರು ನೋಡಿರುವುದೇ ಕಡಿಮೆ. 1961ರ ಕಾಯ್ದೆಯ 115ಬಿಬಿ ಕಲಂ ಲಾಟರಿಯ ಜತೆಗೆ ಇಸ್ಪೀಟಾಟದ ಗೆಲುವನ್ನೂ ಹೆಸರಿಸಿ ಶೇ. 30ರ ತೆರಿಗೆ ಹಾಕಿತು, ಶೇ. 4ರ ಸೆಸ್ ಸೇರಿದರೆ 31.2. ಈ ಗೆಲುವಿನಿಂದ ಖರ್ಚನ್ನು ಕಳೆಯುವಂತಿಲ್ಲ, ಸೋತದ್ದನ್ನು ಗೆದ್ದದ್ದರ ಎದುರು ಹೊಂದಿಸುವಂತಿಲ್ಲ. ಮೇಲಿನ ಆಟಗಾರನನ್ನೇ ತೆಗೆದುಕೊಂಡರೆ, ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 240 ದಿನ ಆಡಿದಾಗ ಗೆದ್ದ ದಿನಗಳ ಮೊತ್ತ ಸುಮಾರು 15.5 ಲಕ್ಷ, ಸೋತ ದಿನಗಳ ಮೊತ್ತ ಸುಮಾರು 11.7 ಲಕ್ಷ ಬರುತ್ತದೆ. ಕೈಯಲ್ಲಿ ಉಳಿದದ್ದು 3.8 ಲಕ್ಷ. ತೆರಿಗೆ ಬೀಳುವುದು 15.5 ಲಕ್ಷದ ಮೇಲೆ, 4.8 ಲಕ್ಷ. ವರ್ಷವಿಡೀ ಗೆದ್ದವನು ಒಂದು ಲಕ್ಷ ಸಾಲ ಮಾಡಿ ತೆರಿಗೆ ಕಟ್ಟಬೇಕು. ತೋರಿಸದೆ ಬಿಡಬಹುದಲ್ಲ ಎನ್ನುವವರು ಇದ್ದಾರೆ. ತೋರಿಸದ ಆದಾಯದ ಮೇಲೆ ಮನೆ ಸಾಲ ಸಿಗುವುದಿಲ್ಲ, ಜಾಗ ಕೊಂಡರೆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಕದ್ದು ಮುಚ್ಚಿ ಮಾತ್ರ ಉಳಿಯುವ ಗಳಿಕೆಗೆ ಉದ್ಯೋಗವೆಂಬ ಹೆಸರು ಸಲ್ಲದು.

ಇನ್ನುಳಿದದ್ದು ಎದುರಿಗೆ ಕೂತವರ ವಿಷಯ. ದೊಡ್ಡ ನಗರದ ಮೇಜಿನಲ್ಲಿ ಸೋಲುವವನು ಅಪರಿಚಿತ, ದಿನಕ್ಕೊಬ್ಬ ಹೊಸಬ ಬರುತ್ತಾನೆ. ಕರಿಯಂಗಳ, ಬಡಕಬೈಲು, ಕೈಕಂಬದ ಆಸುಪಾಸಿನಲ್ಲಿ ಮೇಜು ಹಾಕಿದರೆ ಬರುವವರು ಅದೇ ಹತ್ತು ಹದಿನೈದು ಜನ. ರಜೆಯಲ್ಲಿ ಬಂದ ಗಲ್ಫ್‌ನವನು, ಅಡಿಕೆ ಮಾರಿ ಬಂದವನು, ಮುಂಬೈಯ ಹೋಟೆಲಿನಿಂದ ಊರಿಗೆ ಮರಳಿದವನು. ಜಾಣ ಆಟಗಾರನ ತಿಂಗಳ ಸಂಬಳ ಇವರ ಮನೆಗಳಿಂದಲೇ ಹೊರಡಬೇಕು, ಅದೂ ಅವರು ಮತ್ತೆ ಮತ್ತೆ ಸೋಲಲು ಬಂದರೆ. ಸೋತು ಸುಸ್ತಾದವರು ಬರುವುದನ್ನು ಬಿಟ್ಟರೆ ಮೇಜಿನಲ್ಲಿ ಉಳಿಯುವವರು ಚೆನ್ನಾಗಿ ಆಡುವವರು ಮಾತ್ರ, ಅವರಿಂದ ಗೆಲ್ಲುವುದು ಕಷ್ಟ. ಬಿಡದೆ ಬರುವವರಲ್ಲಿ ಹೆಚ್ಚಿನವರು ಬಿಡಲಾಗದೆ ಬರುವವರು. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಕಾಯಿಲೆಯೆಂದೇ ಸೇರಿಸಿದೆ. ನೆರೆಮನೆಯವನ ಕಾಯಿಲೆಯಿಂದ ಮಾಸಿಕ ವರಮಾನ ತೆಗೆಯುವುದು ತಪ್ಪು. ಆಟ ಕೌಶಲದ್ದು ಎಂಬ ತೀರ್ಪು ಆ ತಪ್ಪನ್ನು ಅಳಿಸುವುದಿಲ್ಲ.

ಸಂಭವನೀಯತೆಯ ಲೆಕ್ಕ, ತಾಳ್ಮೆ, ಎದುರಿನವನ ಮನಸ್ಸು ಓದುವ ಶಕ್ತಿ ಇವೆಲ್ಲ ನಿಜವಾದ ಗುಣಗಳು. ವಿಮೆಯ ಲೆಕ್ಕಾಚಾರದಲ್ಲಿ, ಬ್ಯಾಂಕಿನ ಸಾಲದ ವಿಭಾಗದಲ್ಲಿ, ದತ್ತಾಂಶ ವಿಶ್ಲೇಷಣೆಯಲ್ಲಿ ಇದೇ ಗುಣಗಳಿಗೆ ತಿಂಗಳ ಸಂಬಳವಿದೆ. ಆಟದ ಪ್ರೀತಿ ಇದ್ದವರು ಹಣವಿಲ್ಲದೆ, ಬೆಂಕಿಕಡ್ಡಿ ಇಟ್ಟುಕೊಂಡು, ಗೆಳೆಯರ ನಡುವೆ ಆಡಲಿ. ಕೆಲಸ ಬಿಟ್ಟು ಇದನ್ನೇ ನಂಬಬೇಕೆಂದು ಯೋಚಿಸುತ್ತಿರುವವರು ಮೊದಲು ಒಂದು ವರ್ಷ ಗೆದ್ದದ್ದನ್ನೂ ಸೋತದ್ದನ್ನೂ ಖರ್ಚನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದಿಟ್ಟು, ಆ ಪುಸ್ತಕವನ್ನು ಮನೆಯವರ ಮುಂದೆ ಇಡಲಿ. ಬರೆಯಲು ಕೈ ಬಾರದಿದ್ದರೆ, ಅಥವಾ ಬಿಡಬೇಕೆಂದರೂ ಬಿಡಲಾಗದಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.