ತಳದಲ್ಲಿ ನೀರು, ತಲೆಯಲ್ಲಿ ಉದಾಸೀನ

ಬೋಟಿನ ಡೀಸೆಲ್ ಟ್ಯಾಂಕಿಗೆ ನೀರು ಸೇರಿದರೆ ನಡುಗಡಲಲ್ಲಿ ಎಂಜಿನ್ ನಿಲ್ಲುತ್ತದೆ. ಆ ಭಯ ಮೀನುಗಾರನಿಗಿದೆ. ಕಡಲೇ ಕಾಣದ ಚಾಮರಾಜನಗರ, ಗುಂಡ್ಲುಪೇಟೆಯ ನಮಗೆ ಆ ಭಯವೂ ಇಲ್ಲ, ನಾಚಿಕೆಯೂ ಇಲ್ಲ. ರಸ್ತೆಯಲ್ಲಿ ಗಾಡಿ ನಿಂತರೆ ಫೋನು ಮಾಡಿದರಾಯಿತು, ಮೆಕ್ಯಾನಿಕ್ ಬರುತ್ತಾನೆ ಎಂಬ ಭಂಡಧೈರ್ಯ ನಮ್ಮದು.

ನೀರು ಎಲ್ಲಿಂದ ಬರುತ್ತದೆಂದು ನಮಗೆ ಗೊತ್ತಿಲ್ಲವೆ? ಅರಿಶಿನದ ಹೊಲದಿಂದ ಬಂದ ಟ್ರ್ಯಾಕ್ಟರನ್ನು ಅರ್ಧ ಟ್ಯಾಂಕಿನಲ್ಲೇ ಬಯಲಲ್ಲಿ ಬಿಡುತ್ತೇವೆ. ಡೀಸೆಲ್ ಡ್ರಮ್ಮಿನ ಬಿರಡೆ ಸಡಿಲವಾಗಿದ್ದರೂ ಮಳೆಯಲ್ಲೇ ನಿಲ್ಲಿಸುತ್ತೇವೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ. ಅಂದಿನಿಂದ ಮದ್ದೂರು, ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್‌ಗಳ ಮುಂದೆ ಲಾರಿಗಳು ಇರುಳಿಡೀ ಚಳಿಯಲ್ಲಿ ನಿಲ್ಲುತ್ತವೆ. ಎಂಜಿನ್ನಿನಿಂದ ಮರಳಿದ ಡೀಸೆಲ್‌ನಿಂದ ಬಿಸಿಯಾದ ಟ್ಯಾಂಕು ತಣಿಯುತ್ತಿದ್ದಂತೆ ಖಾಲಿ ಜಾಗದ ತೇವ ಹನಿಯಾಗುತ್ತದೆ. ಡೀಸೆಲ್‌ಗಿಂತ ಭಾರವಾದ ಆ ನೀರು ತಳ ಸೇರುತ್ತದೆ, ತುಕ್ಕು ಹಿಡಿಸುತ್ತದೆ. ನೀರು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತು.

ಹಿಂದಿನ ಡ್ರೈವರ್‌ಗಳಿಗೆ ಶಾಲೆಯ ಓದು ಕಡಿಮೆಯಿತ್ತು, ಶಿಸ್ತು ಹೆಚ್ಚಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ನೋಡುತ್ತಿದ್ದರು. ತಳದಲ್ಲಿ ನೀರು ಕಂಡರೆ ತಿರುಪು ಸಡಿಲಿಸಿ, ಶುದ್ಧ ಡೀಸೆಲ್ ತೊಟ್ಟಿಕ್ಕುವವರೆಗೆ ಬಿಟ್ಟು, ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುತ್ತಿದ್ದರು. ಆ ಕಾಲದ ಎಂಜಿನ್ನುಗಳಾದರೂ ಒಂದಿಷ್ಟು ತಪ್ಪು ಸಹಿಸುತ್ತಿದ್ದವು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳ ಕಾಮನ್ ರೈಲ್ ವ್ಯವಸ್ಥೆ ಸಹಿಸುವುದಿಲ್ಲ. 1500 ಬಾರ್ ಮೀರಿದ ಒತ್ತಡದಲ್ಲಿ ದುಡಿಯುವ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಕೀಲೆಣ್ಣೆ. ಅಲ್ಲಿ ನೀರು ನುಗ್ಗಿದರೆ ಲೋಹ ಲೋಹವನ್ನು ಉಜ್ಜುತ್ತದೆ. ಇಷ್ಟು ನಾಜೂಕಿನ ಯಂತ್ರ ನಮ್ಮ ಕೈಗೆ ಬಂದ ಕಾಲಕ್ಕೇ ಬೆಳಗಿನ ಐದು ನಿಮಿಷ ನಮಗೆ ದುಬಾರಿಯಾಯಿತು. ನೀರಿದೆ ಎಂದು ಡ್ಯಾಶ್‌ಬೋರ್ಡಿನ ದೀಪ ಉರಿದರೂ ಮುಂದಿನ ಸರ್ವೀಸಿಗೆ ನೋಡೋಣ ಎಂದು ಗಾಡಿ ಎಳೆಯುತ್ತೇವೆ.

ಕೆಟ್ಟು ನಿಂತ ಮೇಲೆ ಬೈಗುಳವೆಲ್ಲ ಬಂಕಿಗೆ. ತಾನು ಕಳ್ಳ, ಪರರ ನಂಬ. ಬಂಕಿನ ಮೇಲೆ ಅನುಮಾನವಿದ್ದರೆ ಸಾಂದ್ರತೆ ಪರೀಕ್ಷಿಸಿ ತೋರಿಸಿ ಎಂದು ಕೇಳುವ ಹಕ್ಕು ಪ್ರತಿ ಗಿರಾಕಿಗೂ ಇದೆ. ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ನೀರು ಬಸಿಯುವ ಬದಲು ಬಾಟಲಿಯ ಔಷಧಿ ಸುರಿದು ಕೈ ತೊಳೆದುಕೊಳ್ಳುತ್ತೇವೆ. ಬಸಿದರೂ ಆ ಕೊಳೆಯನ್ನು ಚರಂಡಿಗೆ, ಹೊಲದ ಬದುವಿಗೆ ಚೆಲ್ಲಿ, ಕುಡಿಯುವ ನೀರು ಕೆಟ್ಟಿತೆಂದು ಪಂಚಾಯ್ತಿಗೆ ದೂರು ಕೊಡುತ್ತೇವೆ. ಮಾಲೀಕನ ಜಿಪುಣತನಕ್ಕೆ ದಂಡ ತೆರುವವನು ಮಾಲೀಕನಲ್ಲ. ಗೇಟು ಮುಚ್ಚುವ ಹೊತ್ತಿಗೆ ಆನೆ ಅಡ್ಡಾಡುವ ಕಾಡಿನ ನಡುವೆ, ಈರುಳ್ಳಿ ಲೋಡಿನೊಂದಿಗೆ ಸಿಕ್ಕಿಬೀಳುವ ಡ್ರೈವರು, ಕ್ಲೀನರು.

ಇದು ತಿಳಿವಳಿಕೆಯ ಕೊರತೆಯಲ್ಲ, ತಿಳಿದೂ ಮಾಡುವ ಅಪಚಾರ. ನಾಳೆ ಕೀ ತಿರುಗಿಸುವ ಮೊದಲು ಬಗ್ಗಿ ಆ ತಿರುಪು ಸಡಿಲಿಸಿ, ಬಂದ ನೀರನ್ನು ಡಬ್ಬದಲ್ಲಿ ಹಿಡಿಯಿರಿ. ಅಷ್ಟಕ್ಕೂ ಸೊಂಟ ಬಗ್ಗದವರಿಗೆ ಎಂಜಿನ್ನನ್ನಾಗಲಿ ಬಂಕನ್ನಾಗಲಿ ಬಯ್ಯುವ ಅಧಿಕಾರವಿಲ್ಲ.