ಹದಿಮೂರರ ಹುಡುಗನ ರುಜು

ದಸರಾ ರಜೆಗೆ ಊರಿಗೆ ಹೋದ ನಮ್ಮ ಹಾಸ್ಟೆಲಿನ ಎಂಟನೇ ಕ್ಲಾಸಿನ ಹುಡುಗನೊಬ್ಬ ರಜೆ ಮುಗಿದರೂ ಬರಲಿಲ್ಲ. ಜ್ವರ ಇರಬಹುದು ಅಂತ ಒಂದು ವಾರ ಕಾದೆವು. ಆಮೇಲೆ ಮೂವರು ಬಸ್ಸು ಹತ್ತಿ ಅವನ ಊರಿಗೇ ಹೋದೆವು. ಹುಡುಗ ಧಣಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ನಮ್ಮನ್ನು ನೋಡಿ ನಗಲಿಲ್ಲ, ಅಳಲೂ ಇಲ್ಲ. "ಅಣ್ಣಾ, ಪರೀಕ್ಷೆ ಯಾವಾಗ?" ಅಂತ ಕೇಳಿದ.

ಅಕ್ಕನ ಮದುವೆಗೆ ಅಂತ ಅಪ್ಪ ಮೂವತ್ತು ಸಾವಿರ ಮುಂಗಡ ತಂದಿದ್ದಾನೆ. ಅದು ತೀರೋವರೆಗೆ ಮಗ ದನ ನೋಡಿಕೊಳ್ಳಬೇಕು. ಧಣಿ ಏನನ್ನೂ ಮುಚ್ಚಿಡಲಿಲ್ಲ. ಒಳಗಿಂದ ಛಾಪಾ ಕಾಗದ ತಂದು ನಮ್ಮ ಮುಂದೆ ಹಿಡಿದ. "ನೋಡ್ರಪ್ಪಾ, ನೀವೂ ಓದಿದೋರು. ಬಲವಂತ ಏನಿಲ್ಲ. ಅಪ್ಪಂದು ಹೆಬ್ಬೆಟ್ಟಿದೆ, ಮಗಂದು ರುಜು ಇದೆ. ಎಲ್ಲಾ ಕಾನೂನು ಪ್ರಕಾರ."

ಆ ರುಜು ಗುಂಡಗೆ, ಅಂದವಾಗಿತ್ತು. ಹೆಬ್ಬೆಟ್ಟು ಒತ್ತಬೇಡಿ, ರುಜು ಹಾಕೋದು ಕಲೀರಿ ಅಂತ ಕೇರಿ ಕೇರಿ ತಿರುಗಿ ಹೇಳಿದವರು ನಾವೇ. ಹುಡುಗ ಕಲಿತ. ಕಲಿತದ್ದನ್ನು ಧಣಿ ತನ್ನ ಜೀತದ ಪತ್ರಕ್ಕೆ ಹಾಕಿಸಿಕೊಂಡ.

ಅವತ್ತು ನಮಗೆ ಉತ್ತರ ತೋಚಲಿಲ್ಲ. ನಾಚಿಕೆಯಿಂದಲೇ ಹೇಳ್ತೀವಿ, ನಮ್ಮಲ್ಲಿ ಒಬ್ಬ ಬಿ.ಎ. ಓದಿದವನು, ಇನ್ನೊಬ್ಬ ಲಾ ಕಾಲೇಜಿಗೆ ಸೇರಿದವನು. ಕಾನೂನು ಅನ್ನೋ ಮಾತು ಕೇಳಿದ್ದೇ ಬಾಯಿ ಕಟ್ಟಿತು. ವಾಪಸು ಬಂದು ಪುಸ್ತಕ ಬಿಡಿಸಿ ನೋಡಿದ್ದನ್ನು ಇಲ್ಲಿ ಬರೀತಿದ್ದೀವಿ.

ಒಪ್ಪಂದದ ಕಾಯ್ದೆ 1872ರದ್ದು. ಅದರ 11ನೇ ಕಲಮು ಹೇಳೋದು: ಒಪ್ಪಂದ ಮಾಡುವವನು ವಯಸ್ಸಿಗೆ ಬಂದಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. ವಯಸ್ಸು ಅಂದರೆ 18, ಅದನ್ನು ಗೊತ್ತುಮಾಡಿದ್ದು 1875ರ ಇನ್ನೊಂದು ಕಾಯ್ದೆ. ಹಾಗಾದರೆ 18 ತುಂಬದವನು ರುಜು ಹಾಕಿದರೆ? ಅದು ಬೇಕಾದರೆ ಮುರಿಯಬಹುದಾದ ಒಪ್ಪಂದವೋ, ಒಪ್ಪಂದವೇ ಅಲ್ಲವೋ ಅಂತ ಕೋರ್ಟುಗಳೇ ಬಹಳ ಕಾಲ ಕಿತ್ತಾಡಿದವು. 1903ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ತೀರ್ಮಾನ ಮಾಡಿತು. ಕಲ್ಕತ್ತೆಯ ಧರ್ಮದಾಸ ಘೋಷ್ ಎಂಬ ಹುಡುಗ 1895ರಲ್ಲಿ ತನ್ನ ಮನೆಗಳನ್ನು ಒಬ್ಬ ಲೇವಾದೇವಿಗಾರನಿಗೆ 20,000 ರೂಪಾಯಿಗೆ ಅಡವು ಬರೆದುಕೊಟ್ಟಿದ್ದ. ಹುಡುಗನಿಗೆ ವಯಸ್ಸಾಗಿಲ್ಲ ಅಂತ ಅವನ ತಾಯಿಯ ಕಡೆಯಿಂದ ಮೊದಲೇ ಕಾಗದ ಹೋಗಿತ್ತು. ಆದರೂ ಬರೆಸಿಕೊಂಡರು. ಆ ಪತ್ರಕ್ಕೆ ಹುಟ್ಟೇ ಇಲ್ಲ, ಕೊಟ್ಟ ದುಡ್ಡನ್ನೂ ಹುಡುಗನಿಂದ ಕೇಳುವ ಹಾಗಿಲ್ಲ ಅಂತ ತೀರ್ಪಾಯಿತು.

ಮನೆಗಳಿದ್ದ ಹುಡುಗನ ಮನೆ ಉಳಿಯಿತು. ಸಂತೋಷ. ಆ ತೀರ್ಪು ಬಂದು ನೂರಿಪ್ಪತ್ತು ವರ್ಷ ದಾಟಿದೆ. ಲಾ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸ್ತಾರೆ. ಮನೆಯಿಲ್ಲದ, ಮೈಯೊಂದೇ ಇರುವ ನಮ್ಮ ಹುಡುಗರ ಕೊಟ್ಟಿಗೆವರೆಗೆ ಅದು ನಡೆದು ಬಂದಿಲ್ಲ. 1963ರ ಕಾಯ್ದೆಯೊಂದು ಅದನ್ನು ಕೊಂಚ ಸಡಿಲಿಸಿದೆ, ನಿಜ. ಹುಡುಗನಿಗೇ ಲಾಭ ಬಂದಿದ್ದರೆ ಅಷ್ಟನ್ನು ಕೋರ್ಟು ವಾಪಸು ಕೊಡಿಸಬಹುದು. ದುಡಿದು ತೀರಿಸು ಅಂತ ಮಾತ್ರ ಎಲ್ಲೂ ಇಲ್ಲ.

(ಇದನ್ನು ಓದಿ ಹಾಸ್ಟೆಲ್ ಪಕ್ಕದ ಟೀ ಅಂಗಡಿಯವನ ಬಾಕಿ ಮುಳುಗಿಸಲು ಹೊರಡಬೇಡಿ. ಅವನೂ ನಮ್ಮಂಥವನೇ.)

ಅಪ್ಪನ ಹೆಬ್ಬೆಟ್ಟಿನ ಮಾತು ಬಂತು. ಅಪ್ಪ ತನ್ನ ಹೆಸರಲ್ಲಿ ಸಾಲ ತರಬಹುದು, ಮಗನ ದುಡಿಮೆಯನ್ನು ಅಡ ಇಡುವ ಹಾಗಿಲ್ಲ. ಇದು ಈಗಿನ ಮಾತಲ್ಲ. 1933ರಲ್ಲೇ ಬ್ರಿಟಿಷರ ಸರ್ಕಾರ 15 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಒತ್ತೆ ಇಡುವ ಕರಾರು ಸಲ್ಲದು ಅಂತ ಕಾಯ್ದೆ ಮಾಡಿತ್ತು. ಒತ್ತೆ ಇಟ್ಟ ಅಪ್ಪನಿಗೆ 50 ರೂಪಾಯಿವರೆಗೆ, ಇಡಿಸಿಕೊಂಡವನಿಗೆ 200ರವರೆಗೆ ದಂಡ. ನಮ್ಮ ಮುತ್ತಜ್ಜಂದಿರ ಕಾಲ ಅದು. ಯಾವ ಮುತ್ತಜ್ಜನಿಗೆ ಯಾರು ಹೇಳಿದರು?

ಆದರೆ ಗೆಳೆಯರೆ, ಹುಡುಗನ ವಯಸ್ಸಿಗೇ ಜೋತು ಬಿದ್ದರೆ ಸಾಲದು ಅನ್ನೋದು ನಮ್ಮ ಅಭಿಪ್ರಾಯ. ಬರೀ ವಯಸ್ಸಾಗಿಲ್ಲ ಅಂತ ವಾದ ಮಾಡಿದರೆ ಧಣಿ ಹುಡುಗನನ್ನು ಬಿಟ್ಟು ಅಪ್ಪನನ್ನು ಕಟ್ಟಿಹಾಕ್ತಾನೆ. ಇಲ್ಲವೇ 18 ತುಂಬೋದನ್ನು ಕಾಯ್ತಾನೆ. (ಹಳೇ ಸಾಲವೊಂದಕ್ಕೇ 18 ತುಂಬಿದ ಮೇಲೆ ಹೊಸ ಪತ್ರ ಬರೆಸಿಕೊಂಡರೂ ಅದು ನಿಲ್ಲೋದಿಲ್ಲ.) ಅದಕ್ಕೇ 1976ರ ಜೀತ ನಿರ್ಮೂಲನ ಕಾಯ್ದೆಯನ್ನು ಮುಂದಿಡಬೇಕು. ಅದು ವಯಸ್ಸು ಕೇಳೋದಿಲ್ಲ. ಜೀತದ ಕರಾರು ಯಾರೇ ಬರೆದುಕೊಟ್ಟಿರಲಿ, ಬಿದ್ದುಹೋಯಿತು. ಜೀತದ ಸಾಲವೂ ಹೋಯಿತು. ಸಾಲ ಜೀತದ್ದಲ್ಲ ಅಂತ ರುಜುವಾತು ಮಾಡಬೇಕಾದವನು ಧಣಿ, ನಾವಲ್ಲ. ಇರಿಸಿಕೊಂಡವನಿಗೆ ಮೂರು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ.

ಇನ್ನು ಅಪ್ಪನ ಸಾಲ ತೀರಿಸೋದು ಮಗನ ಧರ್ಮ ಅಂತ ಊರ ಹಿರಿಯರು ಬೋಧನೆ ಮಾಡ್ತಾರೆ. ಶಾಸ್ತ್ರದ ಈ ಮಾತನ್ನು ಕೋರ್ಟುಗಳೂ ಬಹಳ ಕಾಲ ಒಪ್ಪಿದ್ದವು, ಅದೂ ಆಸ್ತಿಯ ಮಟ್ಟಿಗೆ, ಮೈಗಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ, ಅಲ್ಲಿಂದೀಚಿನ ಸಾಲಗಳಿಗೆ ಆ ಧರ್ಮವೂ ರದ್ದಾಯಿತು.

ಬುದ್ಧಿ ಸ್ವಾಧೀನದ ವಿಷಯ. ಜ್ವರದಲ್ಲಿ ಬಡಬಡಿಸುವವನು, ಕುಡಿದು ಕರಾರು ಅರ್ಥವಾಗದ ಸ್ಥಿತಿಯಲ್ಲಿರುವವನು ಆ ಹೊತ್ತಿನಲ್ಲಿ ಒಪ್ಪಂದ ಮಾಡಲಾರ ಅಂತ 12ನೇ ಕಲಮಿನಲ್ಲೇ ಉದಾಹರಣೆ ಕೊಟ್ಟಿದ್ದಾರೆ. ನಮ್ಮ ಕೇರಿಯ ಎಷ್ಟು ಎಕರೆ ಸಾರಾಯಿ ಬಾಟಲಿಯಲ್ಲಿ ಹೋಯಿತೋ ಲೆಕ್ಕವಿಲ್ಲ. 2007ರಲ್ಲಿ ಸಾರಾಯಿ ನಿಂತಿತು, ಕುಡಿಸೋದು ನಿಲ್ಲಲಿಲ್ಲ. ಕುಡಿಸಿ ಬರೆಸಿದ್ದು ಕಂಡರೆ ಯಾರ ಮುಂದೆ, ಎಷ್ಟು ಹೊತ್ತಿಗೆ ಅಂತ ಅವತ್ತೇ ಬರೆದಿಡಿ. ಇದರ ಇನ್ನೊಂದು ಮುಖವೂ ಇದೆ. ವಿಧವೆಯೊಬ್ಬಳು ಹೊಲ ಕೇಳಿದರೆ "ಅವಳಿಗೆ ತಲೆ ಸರಿಯಿಲ್ಲ" ಅಂದುಬಿಡ್ತಾರೆ. ಅದೇ ಕಲಮಿನ ಪ್ರಕಾರ ಬುದ್ಧಿ ಆಗಾಗ ಕೆಡುವವರೂ ತಿಳಿಯಾಗಿರುವ ಹೊತ್ತಿನಲ್ಲಿ ಒಪ್ಪಂದ ಮಾಡಬಹುದು. ಊರವರ ಬಾಯಿಮಾತಿಗೆ ಯಾರ ಹಕ್ಕೂ ಹೋಗೋದಿಲ್ಲ.

ವಯಸ್ಸಿಗೆ ಪುರಾವೆ ಬೇಕಲ್ಲ. ನಮ್ಮಲ್ಲಿ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು! ಮೇಷ್ಟ್ರು ಸ್ಕೂಲಿಗೆ ಸೇರಿಸಿಕೊಂಡಾಗ ಬರೆದದ್ದೇ ನಮ್ಮ ಜಾತಕ. ನಗಬೇಡಿ, ಕೊಟ್ಟಿಗೆಯಿಂದ ಹುಡುಗನನ್ನು ಬಿಡಿಸಲು ಕೈಗೆ ಸಿಗುವ ಕಾಗದ ಅದೇ. ಜನನ ಪತ್ರ ಇಲ್ಲದವರು ಸ್ಕೂಲ್ ದಾಖಲಾತಿಯ ನಕಲನ್ನಾದರೂ ತೆಗೆದಿಟ್ಟುಕೊಳ್ಳಿ, ಊರಲ್ಲಿರುವ ತಮ್ಮ ತಂಗಿಯರದ್ದನ್ನೂ.

ನಮ್ಮ ಹುಡುಗನ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಕಚೇರಿಗೆ ಕೊಟ್ಟು ಹನ್ನೊಂದು ದಿನವಾಯಿತು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಅಂತ ಎರಡು ಸಲ ವಾಪಸು ಕಳಿಸಿದ್ದಾರೆ. ಅಪ್ಪ ಹೆದರಿದ್ದಾನೆ. "ನಿಮ್ಮ ಕಾಲಿಗೆ ಬೀಳ್ತೀನಿ, ನಾನು ಅದೇ ಊರಲ್ಲಿ ಬಾಳಬೇಕು ಸ್ವಾಮಿ" ಅಂದ. ಅವನ ಭಯ ಸುಳ್ಳಲ್ಲ. ಅದಕ್ಕೇ ಮೂವರೇ ಹೋದರೆ ಆಗೋದಿಲ್ಲ. ಸೋಮವಾರ ಹತ್ತು ಗಂಟೆಗೆ ಮತ್ತೆ ಹೊರಡ್ತೀವಿ. ಬರುವವರು ಭಾನುವಾರ ರಾತ್ರಿ ಊಟದ ಹೊತ್ತಿಗೆ ಹೆಸರು ಕೊಡಿ. ಬಸ್ ಚಾರ್ಜು ಅವರವರದ್ದೇ.